ಓನರಕ್ಕನ ನೆಂಟರು

ನಮ್ಮ ವಠಾರದ ಮಕ್ಕಳಿಗೆ ಅ ಆ ಇ ಈ ಬರುವುದಕ್ಕೆ ಮೊದಲೇ ಸುಳ್ಳು ಹೇಳುವುದು ಬರುತ್ತಿತ್ತು. ಕಲಿಸಿದವಳು ನಾನೇ. ಇದನ್ನು ಹೇಳುವಾಗ ನಾಚಿಕೆಯಾಗಬೇಕು, ಆಗುತ್ತಲೂ ಇದೆ. ಆದರೆ ನಡೆದದ್ದೆಲ್ಲ ಅಲ್ಲಿಂದಲೇ ಶುರುವಾದದ್ದು, ಏನು ಮಾಡಲಿ.

ದೊಡ್ಡನೆಕ್ಕುಂದಿಯಲ್ಲಿ ನಮ್ಮ ಹಳೇ ಮನೆಯ ಹಿತ್ತಲಿನಲ್ಲಿ, ಒಂದು ಕಾಲಕ್ಕೆ ರಾಗಿ ಬೆಳೆಯುತ್ತಿದ್ದ ಜಾಗದಲ್ಲಿ, ಹತ್ತು ಶೀಟಿನ ರೂಮುಗಳಿವೆ. ಹತ್ತರಲ್ಲೂ ಬಾಡಿಗೆಯವರು. ರಾಯಚೂರು, ಯಾದಗಿರಿ, ಕೊಪ್ಪಳದ ಕಡೆಯ ಜನ. ಕರೆಂಟ್ ಮೀಟರ್ ಇದ್ದದ್ದು ಎರಡೇ. ಸರ್ಕಾರದ ಕಾಗದದ ಪ್ರಕಾರ ಅಲ್ಲಿರುವುದು ಒಂದು ದನದ ಕೊಟ್ಟಿಗೆ. ಹಾಗಾಗಿ ನಮ್ಮತ್ತೆ ಚಿಕ್ಕಮುನಿಯಮ್ಮ ಬದುಕಿದ್ದಾಗಲೇ ಒಂದು ಕಟ್ಟಳೆ ಮಾಡಿದ್ದರು. ಹೊಸಬರಿಗೆ ಬೀಗದ ಕೈ ಕೊಡುವ ಮೊದಲು ಅಂಗಳದಲ್ಲಿ ನಿಲ್ಲಿಸಿ ಪಾಠ ಹೇಳುತ್ತಿದ್ದರು.

"ಕುತ್ಗೇಗೆ ಕಾರ್ಡ್ ಆಕ್ಕೊಂಡು ಯಾರಾನ ಬಂದ್ರೆ ಒಂದೇ ಮಾತು. ನಾವು ಓನರ್ ನೆಂಟರು ಅನ್ನಿ. ಇನ್ನೇನ್ ಕೇಳುದ್ರೂ ಗೊತ್ತಿಲ್ಲ ಅನ್ನಿ. ಇಂಗೆ ಏಳ್ಬುಟ್ರೆ ನಿಮ್ಗೂ ಒಳ್ಳೇದು, ನಮ್ಗೂ ಒಳ್ಳೇದು."

ಅತ್ತೆ ಹೋದ ಮೇಲೆ ಆ ಪಾಠ ನನ್ನ ಪಾಲಿಗೆ ಬಂತು. ದೊಡ್ಡವರು ತಡವರಿಸುತ್ತಿದ್ದರು, ಮಕ್ಕಳು ಮಾತ್ರ ಬೇಗ ಕಲಿಯುತ್ತಿದ್ದರು. ಅದರಲ್ಲೂ ಆರನೇ ರೂಮಿನ ಶಿವಗಂಗಾ ಎಲ್ಲರಿಗಿಂತ ಜಾಣೆ. ಏಳು ವರ್ಷದ ಹುಡುಗಿ, ಎರಡನೇ ಕ್ಲಾಸು. ಅಪ್ಪ ಮುದಕಪ್ಪ ಇಲ್ಲೇ ಇಂಡಸ್ಟ್ರಿಯಲ್ ಏರಿಯಾದಲ್ಲಿ ಕಬ್ಬಿಣದ ಸಾಮಾನಿಗೆ ಬಣ್ಣ ಹೊಡೆಯುವ ಫ್ಯಾಕ್ಟರಿಯಲ್ಲಿ ಹೆಲ್ಪರ್. ಅವ್ವ ಹನುಮವ್ವ ರಿಂಗ್ ರೋಡಿನ ಒಂದು ಐಟಿ ಆಫೀಸಿನಲ್ಲಿ ಹೌಸ್‌ಕೀಪಿಂಗ್. ದೇವದುರ್ಗದ ಕಡೆಯವರು. ಸ್ಕೂಲು ಬಿಟ್ಟ ಮೇಲೆ ಅವ್ವ ಬರುವ ತನಕ ಹುಡುಗಿ ನಮ್ಮ ಜಗಲಿಯ ಮೇಲೆ ಕೂತು ಟಿವಿ ನೋಡುತ್ತಿದ್ದಳು. ನಾನು ಸುಮ್ಮನೆ ಟಿವಿ ತೋರಿಸುವ ಪೈಕಿಯಲ್ಲ. ಒಂದು ಬಟ್ಟಲು ಬೆಳ್ಳುಳ್ಳಿ ಮುಂದಿಡುತ್ತಿದ್ದೆ, ನೋಡುತ್ತಾ ನೋಡುತ್ತಾ ಸುಲಿಯುತ್ತಿದ್ದಳು.

ಹೋದ ನವೆಂಬರಿನ ಒಂದು ಮಂಗಳವಾರ ಸಂಜೆ ನಾಲ್ಕಕ್ಕೆ ಕೊರಳಿಗೆ ಕಾರ್ಡು ಹಾಕಿಕೊಂಡ ಇಬ್ಬರು ಗೇಟು ತೆರೆದರು. ಒಬ್ಬಳು ಇಪ್ಪತ್ತೈದು ದಾಟಿದ ಹುಡುಗಿ, ಇನ್ನೊಬ್ಬ ಫೈಲು ಹಿಡಿದ ಗಂಡಸು. ನಾನು ಅಡುಗೆಮನೆಯಲ್ಲಿ ಕಾಫಿ ಸೋಸುತ್ತಿದ್ದೆ. ಕಿಟಕಿಯಲ್ಲಿ ಕಾರ್ಡು ಕಂಡದ್ದೇ ಮೀಟರಿನವರು ಅಂದುಕೊಂಡೆ. ಆದರೆ ಹೊರಗೆ ಶಿವಗಂಗಾ ಇದ್ದಳಲ್ಲ, ಆಗಲೇ ಪಾಠ ಒಪ್ಪಿಸುತ್ತಿದ್ದಳು.

"ನಾವು ಓನರಕ್ಕನ ನೆಂಟರ್ರಿ. ಅಪ್ಪ ಅವ್ವ ಊರಾಗ ಅದಾರ್ರಿ. ನಂಗೇನೂ ಗೊತ್ತಿಲ್ರಿ."

ಅಪ್ಪ ಅವ್ವ ಊರಲ್ಲಿದ್ದಾರೆ ಅನ್ನುವುದು ಪಾಠದಲ್ಲಿ ಇರಲಿಲ್ಲ. ಅದು ಅವಳ ಸ್ವಂತದ್ದು. ಭಲೇ ಅಂದುಕೊಂಡೆ. ಸೆರಗಿಗೆ ಕೈ ಒರೆಸಿಕೊಂಡು ಹೊರಗೆ ಬಂದು, "ಹೌದು ಮೇಡಂ, ನಮ್ಮ ನೆಂಟರ ಮಗು. ಇಲ್ಲೇ ಇದೆ" ಎಂದೆ.

ಕಾರ್ಡಿನ ಹುಡುಗಿ ಬೆಳ್ಳುಳ್ಳಿ ಬಟ್ಟಲು ನೋಡಿದಳು, ಮಗುವಿನ ಬೆರಳು ನೋಡಿದಳು, ನನ್ನನ್ನು ನೋಡಿದಳು. "ನನ್ನ ಹೆಸರು ಪ್ರಿಯಾಂಕಾ. ಇವರು ನರೇಶ್. ನಾವು ಮಕ್ಕಳ ರಕ್ಷಣಾ ಘಟಕದಿಂದ ಬಂದಿದೀವಿ. ಮನೆ ಕೆಲಸ ಎಲ್ಲ ಇವಳೇ ಮಾಡ್ತಾಳಾ ಮೇಡಂ?" ಎಂದಳು.

ಆಗಲಾದರೂ ನಾನು ಬಾಯಿ ಮುಚ್ಚಿಕೊಳ್ಳಬೇಕಿತ್ತು. ಅಯ್ಯೋ ಇಲ್ಲಮ್ಮ ಎನ್ನುವಷ್ಟರಲ್ಲಿ ಅವಳು ಇನ್ನೊಂದು ಕೇಳಿದಳು. ಸ್ಕೂಲಿನಲ್ಲಿ ಮಗು ಕೆಸರಿಗೆ ಬಿದ್ದಾಗ ಮಿಸ್ಸು ಬಟ್ಟೆ ಬದಲಾಯಿಸಿದ್ದಾರೆ. ಹೊಟ್ಟೆಯ ಮೇಲೆ ಸುಟ್ಟ ಗಾಯದ ಕಲೆ, ಮೂರು. ಮಿಸ್ಸು ಮಕ್ಕಳ ಸಹಾಯವಾಣಿಗೆ ಫೋನು ಮಾಡಿದ್ದಾರೆ. ಏನದು?

ನನಗೆ ದೇವರಾಣೆ ಗೊತ್ತಿರಲಿಲ್ಲ. ಗೊತ್ತಿಲ್ಲ ಅನ್ನಬಹುದಿತ್ತು, ಪಾಠದಲ್ಲೂ ಅದೇ ಇತ್ತು. ಆದರೆ ಒಂದು ಸುಳ್ಳಿಗೆ ಒತ್ತಾಸೆ ಕೊಟ್ಟ ಮೇಲೆ ನಾಲಿಗೆ ತಾನಾಗೇ ಓಡುತ್ತದೆ. "ಬಿಸಿ ಹಾಲು ಚೆಲ್ಲಿಕೊಂಡಿತ್ತು" ಎಂದುಬಿಟ್ಟೆ. ನರೇಶ್ ಬರೆದುಕೊಂಡ. ಹೋಗುವಾಗ ಒಂದು ಕಾಗದ ಕೊಟ್ಟರು. ಶುಕ್ರವಾರ ಹನ್ನೊಂದಕ್ಕೆ ಮಗುವನ್ನು ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಕರೆತರಬೇಕು. ಹೆತ್ತವರಿದ್ದರೆ ಅವರೂ ಬರಬೇಕು. ನಾನೂ ಬರಬೇಕು. ಮಗುವಿಗೆ ಈ ಮನೆ ಸುರಕ್ಷಿತವಲ್ಲ ಅನ್ನಿಸಿದರೆ ಸರ್ಕಾರದ ಬಾಲಮಂದಿರಕ್ಕೆ ಕಳಿಸಬೇಕಾಗುತ್ತದೆ ಎಂದು ಪ್ರಿಯಾಂಕಾ ಮೆಲ್ಲಗೆ, ಆದರೆ ಸ್ಪಷ್ಟವಾಗಿ ಹೇಳಿದಳು.

ಆರೂವರೆಗೆ ಹನುಮವ್ವ ಬಂದಳು. ಕಾಗದ ಕೈಗಿಟ್ಟು ನಡೆದದ್ದು ಹೇಳಿದೆ. ನನ್ನ ಬಿಸಿ ಹಾಲಿನ ವಿಷಯವನ್ನೂ ಹೇಳಿದೆ. ಅವಳು ಬೈಯುತ್ತಾಳೆ ಅಂದುಕೊಂಡಿದ್ದೆ. ಬೈಯಲಿಲ್ಲ. ಹೊಸ್ತಿಲ ಮೇಲೆ ಕುಸಿದು ಕೂತಳು.

"ಕಾಮಣಿ ಆಗಿತ್ತ್ರಿ ಅಕ್ಕಾರ" ಎಂದಳು. ದಸರೆ ರಜೆಗೆ ಊರಿಗೆ ಹೋದಾಗ ಹುಡುಗಿಗೆ ಕಣ್ಣೆಲ್ಲ ಹಳದಿ. ಅವರ ಕಡೆ ಕಾಮಾಲೆಯನ್ನು ಕಾಮಣಿ ಅನ್ನುತ್ತಾರೆ, ಅದಕ್ಕೆ ಬರೆ ಹಾಕಿಸುತ್ತಾರೆ. ಕಾದ ಕಬ್ಬಿಣದ ಕಡ್ಡಿಯಿಂದ ಹೊಟ್ಟೆಯ ಮೇಲೆ ಮೂರು ಸಲ. ಹನುಮವ್ವನ ತಾಯಿಯೇ ಬರೆ ಹಾಕುವವನನ್ನು ಕರೆಸಿ, ಮುಂದೆ ನಿಂತು ಮಾಡಿಸಿದ್ದು. "ನಮ್ಮವ್ವ ನನಗೂ ಹಾಕ್ಸಿದ್ಲ್ರಿ ಸಣ್ಣಾಕಿದ್ದಾಗ. ದವಾಖಾನಿಗೆ ಹೋಗೂನು ಅಂದೆ. ಯಾರೂ ಕೇಳ್ಲಿಲ್ಲ. ಆಮ್ಯಾಲ..." ಕೈಯಲ್ಲಿದ್ದ ಕಾಗದ ಮಡಚಿದಳು. "ಆಮ್ಯಾಲ ಕಾಲ ನಾನs ಹಿಡದೆ."

ನನಗೆ ಮೈ ಉರಿದುಹೋಯಿತು. "ಮೂರು ಮೂರು ಸಲ ಸುಡೋವರೆಗೂ ಹಿಡ್ಕೊಂಡಿದ್ಯಲ್ಲೇ, ನಿಂಗೇನು ಬುದ್ಧಿಗಿದ್ಧಿ ಇದ್ಯೇನೇ?" ಎಂದು ಕೂಗಾಡಿದೆ. ಅವಳು ತಲೆ ಎತ್ತಲಿಲ್ಲ. ಆಗಲೇ ಮುದಕಪ್ಪನೂ ಬಂದ. ವಿಷಯ ಕೇಳಿ ಬಿಳುಚಿಕೊಂಡ.

"ನಾಳೆ ಮುಂಜಾನೆ ಬಸ್ಸಿಗೆ ಊರಿಗೆ ಹೋಗಿಬಿಡೂಣು. ದೇವದುರ್ಗದ ತನಕ ಯಾರ್ ಬಂದು ಹುಡುಕ್ತಾರ?" ಎಂದ.

ನಿಜ ಹೇಳಬೇಕೆಂದರೆ ನನಗೂ ಅದೇ ಸರಿ ಅನ್ನಿಸಿತ್ತು. ಅವರು ಹೋದರೆ ಫೈಲು ಮುಚ್ಚುತ್ತದೆ, ನನ್ನ ರೂಮುಗಳ ಕಡೆ ಯಾರೂ ತಿರುಗಿ ನೋಡುವುದಿಲ್ಲ. ಹನುಮವ್ವ ಎದ್ದು ನಿಂತಳು. ತೆಳ್ಳಗಿನ ಹೆಂಗಸು, ಜೋರಾಗಿ ಮಾತಾಡಿದ್ದನ್ನು ನಾನು ಎರಡು ವರ್ಷದಲ್ಲಿ ಕೇಳಿರಲಿಲ್ಲ.

"ನಾ ಬರಂಗಿಲ್ಲ. ಓಡಿ ಹೋದ್ರ ನನ್ನ ಮಗಳಿಗೆ ನಾನು ಬೇಕಂತs ಸುಟ್ಟೀನಿ ಅಂತ ಬರೀತಾರ. ಹೋಗೂದು ಶುಕ್ರವಾರ, ಖರೆ ಹೇಳೂದು, ಮಗಳ್ನ ಕರ್ಕೊಂಡು ಮನಿಗೆ ಬರೂದು." ಆಮೇಲೆ ನನ್ನ ಕಡೆ ತಿರುಗಿದಳು. "ಅಕ್ಕಾರ, ನೀವೂ ಬರ್ಬೇಕ್ರಿ. ಬಂದು ನಾವು ನಿಮ್ಮ ನೆಂಟರಲ್ಲ, ಬಾಡಿಗ್ಯಾರು ಅಂತ ಹೇಳ್ಬೇಕ್ರಿ."

ಹಾಗೆ ಹೇಳಿದರೆ ನನ್ನ ದನದ ಕೊಟ್ಟಿಗೆಯ ಕಥೆ ಏನಾಗುತ್ತದೆ ಎಂದು ಅವಳಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ನಾನು ತಿರುಗಿ ಮನೆಯ ಕಡೆ ಬಂದೆ. ಜಗಲಿಯ ಮೇಲೆ ಅರ್ಧ ಸುಲಿದ ಬೆಳ್ಳುಳ್ಳಿ ಹಾಗೇ ಇತ್ತು. ಬಟ್ಟಲು ಎತ್ತಿ ನಾನೇ ಕೂತು ಸುಲಿದೆ. ಸುಲಿಯುವಾಗೆಲ್ಲ ನಮ್ಮತ್ತೆಯನ್ನು ಮನಸಾರೆ ಬೈದೆ. ಮುಗಿಯುವ ಹೊತ್ತಿಗೆ ಬೈಗುಳ ನನ್ನ ಕಡೆಗೇ ತಿರುಗಿತ್ತು.

ಶುಕ್ರವಾರ ನಾಲ್ಕೂ ಜನ ಬಸ್ಸು ಹಿಡಿದೆವು. ಹನುಮವ್ವ ಮದುವೆಗೆ ಹೊರಟವಳಂತೆ ಇಸ್ತ್ರಿ ಮಾಡಿದ ಸೀರೆ ಉಟ್ಟಿದ್ದಳು. ಮಗಳಿಗೆ ದಾರಿಯುದ್ದಕ್ಕೂ ಒಂದೇ ಮಾತು, "ಖರೆ ಹೇಳು ಗಂಗಾ. ಕೇಳಿದ್ದಕ್ಕೆಲ್ಲಾ ಖರೆ ಹೇಳು." ಹುಡುಗಿ ತಲೆಯಾಡಿಸುತ್ತಿದ್ದಳು. ಮುದಕಪ್ಪ ಕಿಟಕಿಯಾಚೆ ನೋಡುತ್ತಾ ಕೂತಿದ್ದ.

ಆಫೀಸಿನಲ್ಲಿ ಉದ್ದನೆಯ ಬೆಂಚು, ಅದರೆದುರು ಅರ್ಧ ಗಾಜಿನ ಬಾಗಿಲಿನ ಒಂದು ಕೋಣೆ. ಒಳಗೆ ಬಣ್ಣದ ಪುಟ್ಟ ಕುರ್ಚಿಗಳು, ಗೊಂಬೆಗಳು. ಪ್ರಿಯಾಂಕಾ ಬಂದು ಮಗುವಿನ ಕೈ ಹಿಡಿದು, "ನೀವು ಇಲ್ಲೇ ಕೂತಿರಿ. ನಾನು ಇವಳ ಜೊತೆ ಸ್ವಲ್ಪ ಮಾತಾಡ್ತೀನಿ" ಎಂದಳು.

ಹನುಮವ್ವ ಮಗಳ ಇನ್ನೊಂದು ಕೈ ಬಿಡಲಿಲ್ಲ. "ನಾನೂ ಬರ್ತೀನ್ರಿ."

"ಇಲ್ಲಮ್ಮ, ಮಗು ಹತ್ರ ಒಬ್ಬಳೇ ಮಾತಾಡ್ಬೇಕು. ನಮ್ಮ ಕೆಲಸದ ರೀತಿ ಅದು."

"ನಿಮ್ಮ ರೀತಿ ನಿಮಗ್ರಿ. ನಾನು ಎದುರಿಗಿರಬೇಕು."

ನರೇಶ್ ಬಂದು, ನೀವು ಹೀಗೆ ಹಟ ಮಾಡಿದರೆ ಫೈಲಿನಲ್ಲಿ ಸಹಕರಿಸಲಿಲ್ಲ ಎಂದು ಬರೆಯಬೇಕಾಗುತ್ತದೆ ಎಂದ. ಮುದಕಪ್ಪ ಹೆಂಡತಿಯ ಸೆರಗು ಜಗ್ಗಿದ. ಅವಳು ಕೊಡವಿಕೊಂಡಳು. ಗದ್ದಲ ಕೇಳಿ ಒಳಗಿನಿಂದ ಸಮಿತಿಯ ಅಧ್ಯಕ್ಷೆ ಬಂದರು. ನರೆತ ಕೂದಲು, ಹತ್ತಿಯ ಸೀರೆ, ಅವಸರವಿಲ್ಲದ ಮುಖ. ಏನು ವಿಷಯ ಎಂದರು.

ಹನುಮವ್ವ ಹೇಳಿದಳು. "ಮೇಡಂ, ನಾನು ಆಫೀಸ್ನಾಗ ಕಸ ಹೊಡೀತೀನ್ರಿ. ಅಲ್ಲಿ ಏನರೆ ಕಳೀತಂದ್ರ ಮೊದಲು ನಮ್ಮ ಚೀಲ ನೋಡ್ತಾರ. ಒಮ್ಮಿ ನಾ ಇಲ್ಲದಾಗ ಚೀಲ ತಗದ್ರು, ಯಾರದೋ ಚಾರ್ಜರ್ ನನ್ನ ಚೀಲದಾಗ ಸಿಕ್ತಂದ್ರು. ನಾನು ಅದನ್ನ ಕಣ್ಣಾರೆ ನೋಡಿದ್ದಿಲ್ಲ. ಹತ್ತು ದಿನ ಕೆಲಸ ಬಿಡ್ಸಿದ್ರು. ಅವತ್ತಿಂದ ನನ್ನ ಚೀಲ ತಗಿಯೂದಿದ್ರ ನಾ ಎದುರಿಗೆ ನಿಂದರ್ತೀನ್ರಿ. ಚೀಲಕ್ಕs ಹಂಗಂದ್ರ ಇದು ನನ್ನ ಮಗಳು. ಅಕಿ ಏನು ಹೇಳಿದ್ಲು, ನೀವು ಏನು ಬರದ್ರಿ, ಅದು ನನಗ ಗೊತ್ತಾಗಬೇಕ್ರಿ. ಅಷ್ಟೂ ಹಕ್ಕಿಲ್ಲೇನ್ರಿ ನನಗ?"

ಅಧ್ಯಕ್ಷೆ ಅವಳನ್ನೇ ನೋಡಿದರು.

"ಹಕ್ಕಿದೆಯಮ್ಮ. ನಿಮ್ಮ ಮಾತು ಕೇಳದೆ ನಾವು ಏನೂ ತೀರ್ಮಾನ ಮಾಡಲ್ಲ. ವಕೀಲರು ಬೇಕು ಅಂದ್ರೆ ಅದಕ್ಕೂ ಸಹಾಯ ಇದೆ. ಮಗು ಹೇಳಿದ್ದನ್ನ ನಿಮಗೆ ಓದಿ ಹೇಳ್ತೀವಿ. ಆದ್ರೆ ಮಗುಗೂ ಒಂದು ಹಕ್ಕಿದೆ, ಯಾರಿಗೂ ಹೆದರದೆ ಮಾತಾಡೋದು. ನೀವು ಎದುರಿಗಿದ್ದು ಅದು ಆಗುತ್ತೆ ಅಂದ್ರೆ ಇರಿ. ಮೂಲೇಲಿ ಕೂತ್ಕೊಳಿ, ಬಾಯಿ ಬಿಡಬಾರ್ದು."

"ಆತ್ರಿ" ಎಂದಳು ಹನುಮವ್ವ.

ಅದಕ್ಕೂ ಮೊದಲು ನನ್ನ ಸರದಿ ಬಂತು. ಅಧ್ಯಕ್ಷೆಯ ಎದುರು ನಿಂತು ಎಲ್ಲ ಒದರಿದೆ. ನೆಂಟರಲ್ಲ, ಬಾಡಿಗೆಯವರು, ಹಾಲು ಚೆಲ್ಲಲಿಲ್ಲ, ನನಗೆ ಕಲೆಯ ವಿಷಯವೇ ಗೊತ್ತಿರಲಿಲ್ಲ, ಮಗು ಹೇಳಿದ್ದು ನಾನು ಕಲಿಸಿದ ಪಾಠ, ಬೆಳ್ಳುಳ್ಳಿ ಸುಲಿಸುತ್ತಿದ್ದದ್ದು ನಿಜ, ಸರ್ಕಾರಕ್ಕೆ ತಪ್ಪು ಅನ್ನಿಸಿದರೆ ತಪ್ಪೇ. "ಇಷ್ಟು ವರ್ಷ ಎಲ್ಲಾ ಮಕ್ಕಳಿಗೂ ಇದನ್ನೇ ಕಲಿಸಿದೀರಾ?" ಎಂದು ಅವರು ಕೇಳಿದರು. ಹೌದು ಎನ್ನುವಾಗ ನಲವತ್ತಾರು ವರ್ಷದ ನನ್ನನ್ನು ಕ್ಲಾಸಿನಲ್ಲಿ ಬೆಂಚಿನ ಮೇಲೆ ನಿಲ್ಲಿಸಿದಂತಾಯಿತು.

ಆಮೇಲೆ ಹನುಮವ್ವ, ಶಿವಗಂಗಾ, ಪ್ರಿಯಾಂಕಾ ಆ ಗಾಜಿನ ಬಾಗಿಲಿನ ಕೋಣೆಗೆ ಹೋದರು. ಬಾಗಿಲು ಪೂರ್ತಿ ಮುಚ್ಚಿರಲಿಲ್ಲ. ಬೆಂಚಿನ ತುದಿಯಲ್ಲಿ ಕೂತ ನನಗೆ ಒಳಗಿನದೆಲ್ಲ ಕಾಣುತ್ತಿತ್ತು, ಕೇಳುತ್ತಿತ್ತು. ನಾನು ಬೇರೆ ಕಡೆ ನೋಡುವಷ್ಟು ದೊಡ್ಡ ಮನುಷ್ಯಳಲ್ಲ.

ಪ್ರಿಯಾಂಕಾ ನೆಲದ ಮೇಲೆ ಕೂತಳು. ಕೊರಳಿನ ಕಾರ್ಡು ತೆಗೆದು ಚೀಲದೊಳಗೆ ಹಾಕಿದಳು. ಸ್ಕೂಲಿನ ಬಗ್ಗೆ ಕೇಳಿದಳು, ಗೆಳತಿಯರ ಬಗ್ಗೆ ಕೇಳಿದಳು. ಹುಡುಗಿ ಉತ್ತರ ಕೊಟ್ಟಳು. ಹೊಟ್ಟೆಯ ಮೇಲಿನ ಕಲೆ ಏನು ಪುಟ್ಟಿ ಎಂದು ಕೇಳಿದಳು. ಶಿವಗಂಗಾ ಮೂಲೆಯಲ್ಲಿದ್ದ ಅವ್ವನ ಮುಖ ನೋಡಿದಳು.

"ನಂಗೇನೂ ಗೊತ್ತಿಲ್ರಿ."

ಯಾರಾದರೂ ನೋವು ಮಾಡಿದರಾ? ಮತ್ತೆ ಅವ್ವನ ಮುಖ. "ಗೊತ್ತಿಲ್ರಿ." ಊರಿಗೆ ಹೋದಾಗ ಏನಾಯಿತು? ಮತ್ತೆ ಅವ್ವನ ಮುಖ. "ನಾವು ಓನರಕ್ಕನ ನೆಂಟರ್ರಿ."

ನನಗೆ ಎದ್ದು ಹೋಗಿ ಗೋಡೆಗೆ ತಲೆ ಚಚ್ಚಿಕೊಳ್ಳಬೇಕು ಅನ್ನಿಸಿತು. ದಾರಿಯುದ್ದಕ್ಕೂ ಖರೆ ಹೇಳು ಎಂದು ಹೇಳಿಸಿಕೊಂಡ ಹುಡುಗಿ. ಆದರೆ ಖರೆ ಹೇಳಿದರೆ ಅವ್ವನಿಗೆ ಏನೋ ಆಗುತ್ತದೆ ಎಂದು ಅವಳಿಗೆ ಗೊತ್ತು. ಏಳು ವರ್ಷದ ಆ ಕೂಸು ಅವ್ವನನ್ನು ಕಾಯುತ್ತಾ ಕೂತಿತ್ತು.

ಪ್ರಿಯಾಂಕಾ ಹನುಮವ್ವನ ಕಡೆ ತಿರುಗಲೂ ಇಲ್ಲ, ಹೊರಗೆ ಹೋಗು ಎನ್ನಲೂ ಇಲ್ಲ. ಹಾಗೇ ಪೆನ್ನು ಕೆಳಗಿಟ್ಟಳು. ಹನುಮವ್ವನ ಕಣ್ಣು ಮಗಳ ಮೇಲೇ ನೆಟ್ಟಿತ್ತು. ಬಾಯಿ ಬಿಡಬಾರದು ಅಂದಿದ್ದರು. ಬಿಟ್ಟಳು.

"ಗಂಗಾ, ಇಲ್ಲಿ ನೋಡು. ಕಾಯಿಸಿದ್ದು ಯಾರು, ಹಾಕ್ಸಿದ್ದು ಯಾರು, ನಿನ್ನ ಕಾಲ ಹಿಡದಿದ್ದು ಯಾರು, ಎಲ್ಲಾ ಹೇಳು. ನಾನs ಹಿಡದಿದ್ದೆ. ಅದೂ ಹೇಳು. ಹೇಳಿದ್ರ ಅವ್ವಗ ಸಿಟ್ಟು ಬರಂಗಿಲ್ಲ." ಎದ್ದಳು. "ಮೇಡಂ, ನಾ ಹೊರಗ ಕೂಡ್ತೀನ್ರಿ. ಆದ್ರ ಬರದಿದ್ದು ಒಂದು ಸಾಲೂ ಬಿಡಬ್ಯಾಡ್ರಿ, ನನಗ ಎಲ್ಲಾ ಓದಿ ಹೇಳ್ಬೇಕು."

ಅಷ್ಟು ಜಗಳ ಮಾಡಿ ಗಿಟ್ಟಿಸಿಕೊಂಡ ಕುರ್ಚಿಯನ್ನು ತಾನಾಗೇ ಬಿಟ್ಟು ಹೊರಗೆ ಬಂದಳು. ಬಾಗಿಲನ್ನು ತಾನೇ ಎಳೆದು ಮುಚ್ಚಿದಳು. ಮಗಳಿಗೆ ಗಾಜಿನಲ್ಲಿ ಕಾಣುವ ಹಾಗೆ, ಆದರೆ ಬೆನ್ನು ತಿರುಗಿಸಿ, ನಿಂತೇ ಇದ್ದಳು. ಕೂತುಕೊಳ್ಳೇ ಅಂದೆ. ಕೇಳಲಿಲ್ಲ. ಅರ್ಧ ಗಂಟೆ ಹಾಗೇ ನಿಂತಳು. ನನಗೆ ಅವಳ ಮೇಲಿದ್ದ ಸಿಟ್ಟೆಲ್ಲ ಆ ಅರ್ಧ ಗಂಟೆಯಲ್ಲಿ ಇಳಿದುಹೋಯಿತು.

ಮಗು ಹೊರಗೆ ಬಂದು ಅಪ್ಪನ ತೊಡೆಯ ಮೇಲೆ ಕೂತ ಮೇಲೆ ಹನುಮವ್ವನನ್ನು ಅಧ್ಯಕ್ಷೆಯ ಕೋಣೆಗೆ ಕರೆದರು. ಜೊತೆಗೆ ಬನ್ನಿ ಅಕ್ಕಾರ ಎಂದು ನನ್ನನ್ನೂ ಎಳೆದುಕೊಂಡು ಹೋದಳು. ಪ್ರಿಯಾಂಕಾ ಓದತೊಡಗಿದಳು. ಅಜ್ಜಿಯ ಮನೆ, ಹಳದಿ ಕಣ್ಣು, ಒಲೆಯಲ್ಲಿಟ್ಟ ಕಡ್ಡಿ. ಅವ್ವ ಬೇಡ ಬೇಡ ಅಂದದ್ದು. ಆಮೇಲೆ ಅವ್ವ ಕಾಲು ಹಿಡಿದದ್ದು, ಹಿಡಿದುಕೊಂಡೇ ಅತ್ತದ್ದು. ಬೆಂಗಳೂರಿನ ಮನೆಯಲ್ಲಿ ಯಾರೂ ಹೊಡೆಯುವುದಿಲ್ಲ, ಅಪ್ಪ ಭಾನುವಾರ ಮೊಟ್ಟೆ ತರುತ್ತಾನೆ. ಓನರಕ್ಕ ಟಿವಿ ತೋರಿಸುತ್ತಾಳೆ, ಬೆಳ್ಳುಳ್ಳಿ ಸುಲಿದರೆ ಬೆರಳು ಉರಿಯುತ್ತದೆ. ನಾನು ನೆಲ ನೋಡಿದೆ.

ಪ್ರಿಯಾಂಕಾ ಅಲ್ಲಿ ತಡೆದಳು. "ಇನ್ನೊಂದು ಸಾಲಿದೆ" ಎಂದು ಅಧ್ಯಕ್ಷೆಯ ಮುಖ ನೋಡಿದಳು.

"ಓದ್ರಿ" ಎಂದಳು ಹನುಮವ್ವ. ಪ್ರಿಯಾಂಕಾ ಮಗುವಿನ ಮಾತನ್ನೇ ಓದಿದಳು.

"ಇನ್ನು ಮ್ಯಾಲ ನನಗ ಜ್ವರ ಬಂದ್ರ, ಹೊಟ್ಟಿ ನೂಸಿದ್ರ, ನಾ ಅವ್ವಗ ಹೇಳಂಗಿಲ್ಲ."

ಹನುಮವ್ವನ ಕಣ್ಣಿಂದ ನೀರು ಬರಲಿಲ್ಲ, ಬಂದಿದ್ದರೆ ಚೆನ್ನಾಗಿತ್ತು. ತಿದ್ದುವುದೇನಾದರೂ ಇದೆಯಾ ಎಂದು ಅಧ್ಯಕ್ಷೆ ಕೇಳಿದರು. "ಇಲ್ರಿ" ಎಂದಳು. "ಅದೊಂದು ಸಾಲು ಇನ್ನೊಮ್ಮಿ ಓದ್ರಿ." ಓದಿದರು. ಆಮೇಲೆ ಪೆನ್ನು ತೆಗೆದುಕೊಂಡು ಒಂದೊಂದೇ ಅಕ್ಷರ ಕೂಡಿಸಿ ಸಹಿ ಹಾಕಿದಳು.

ಮಗು ಹೆತ್ತವರ ಜೊತೆಯಲ್ಲೇ ಇರಲಿ ಎಂದು ಸಮಿತಿ ಹೇಳಿತು. ಆಸ್ಪತ್ರೆಯಲ್ಲಿ ಪರೀಕ್ಷೆ ಮಾಡಿಸಬೇಕು, ಪ್ರಿಯಾಂಕಾ ತಿಂಗಳಿಗೊಮ್ಮೆ ಬಂದು ನೋಡುತ್ತಾಳೆ, ಇನ್ನೊಮ್ಮೆ ಇಂಥದ್ದು ನಡೆದರೆ ಕೇಸು. ಬರೆ ಹಾಕಿದವನ ಮೇಲೆ ಅವರ ಜಿಲ್ಲೆಯ ಸಮಿತಿಗೆ ಪತ್ರ ಹೋಗುತ್ತದೆ. ಮುದಕಪ್ಪ ಎಲ್ಲರಿಗೂ ಕೈ ಮುಗಿದ, ಬಾಗಿಲ ಬಳಿ ನಿಂತಿದ್ದ ಜವಾನನಿಗೂ ಮುಗಿದ. ಹನುಮವ್ವ ಗೆದ್ದು ಬಂದವಳ ಹಾಗೆ ಕಾಣಲಿಲ್ಲ.

ಅವತ್ತಿನಿಂದ ದಿನಾ ಸಂಜೆ ಆರನೇ ರೂಮಿನಿಂದ, ಎಲ್ಲಾದರೂ ನೋವಿದೆಯಾ ಎಂಬ ಒಂದೇ ಪ್ರಶ್ನೆ ಕೇಳಿಸುತ್ತಿತ್ತು. ಬಂದು ಚೀಲ ಇಟ್ಟದ್ದೇ, ಚಹಾಕ್ಕೆ ಇಡುವ ಮೊದಲು, "ಗಂಗಾ, ಎಲ್ಲಿಯಾರ ನೂಸ್ತೈತೇನ?" ಹುಡುಗಿಯ ಉತ್ತರವೂ ಒಂದೇ, "ಇಲ್ಲ." ಮಧ್ಯೆ ಒಂದು ವಾರ ಹುಡುಗಿಗೆ ನೆಗಡಿ, ಕೆಮ್ಮು. ಮೂಗು ಸೋರುತ್ತಿದ್ದರೂ "ಇಲ್ಲ." ಹನುಮವ್ವ ಔಷಧಿ ಕೊಡಿಸಿದಳು, ಬೈಯಲಿಲ್ಲ. ಮರುದಿನ ಮತ್ತೆ ಕೇಳಿದಳು. ನನಗೇ ಬೇಜಾರು ಬಂದು, ಬಿಡೇ, ಮಕ್ಕಳು ಮರೆತುಬಿಡ್ತಾವೆ ಎಂದೆ. "ಅಕಿ ಮರೀಲಿ ಅಂತ ಅಲ್ರಿ ಅಕ್ಕಾರ. ಅಕಿ ಹೇಳೂತನಕ ಕೇಳೂದು" ಎಂದಳು.

ಜನವರಿಯಲ್ಲಿ ಒಂದು ಬುಧವಾರ ಮಧ್ಯಾಹ್ನ ಹನುಮವ್ವ ಯೂನಿಫಾರಂನಲ್ಲೇ ಮಗಳ ಕೈ ಹಿಡಿದು ಗೇಟಿನೊಳಗೆ ಬಂದಳು. ಆ ಹೊತ್ತಿಗೆ ಅವಳು ಕೆಲಸದಲ್ಲಿರಬೇಕು. ಏನಾಯಿತೋ ಎಂದು ಗಾಬರಿಯಿಂದ ಹೊರಗೆ ಓಡಿದೆ. ಬೆಳಿಗ್ಗೆ ಸ್ಕೂಲಿಗೆ ಹೊರಡುವಾಗ ಹುಡುಗಿ ಚಪ್ಪಲಿ ಹಾಕಿಕೊಳ್ಳುತ್ತಾ, ಯಾರೂ ಕೇಳದೆಯೇ, ಎಡಗಾಲಿನ ಕಿರುಬೆರಳು ತೋರಿಸಿ ಇಲ್ಲಿ ನೂಸ್ತೈತಿ ಅವ್ವ ಅಂದಳಂತೆ. ಹನುಮವ್ವ ಸ್ಕೂಲೂ ಬಿಡಿಸಿ, ತಾನೂ ರಜೆ ಹಾಕಿ, ಆಸ್ಪತ್ರೆಯ ಸಾಲಿನಲ್ಲಿ ಮೂರು ಗಂಟೆ ನಿಂತಿದ್ದಾಳೆ. ಡಾಕ್ಟರು ಬೆರಳನ್ನು ಹಿಂದೆ ಮುಂದೆ ತಿರುಗಿಸಿ ನೋಡಿ ನಕ್ಕರಂತೆ. ಗಾಯವಿಲ್ಲ, ಬಾವಿಲ್ಲ, ಒಂದು ಗೀರೂ ಇಲ್ಲ.

"ಅಯ್ಯೋ, ಏನೂ ಇಲ್ದೇ ಇರೋದಕ್ಕೆ ಒಂದು ದಿನದ ಕೆಲಸ ಕಳ್ಕೊಂಡ್ಯಲ್ಲೇ" ಎಂದೆ.

ಹನುಮವ್ವ ನಗುತ್ತಿದ್ದಳು. ಸಮಿತಿಯ ಮುಂದೆ ಆ ಶುಕ್ರವಾರ ಬಾರದ ಕಣ್ಣೀರು ಈಗ ಧಾರಾಳವಾಗಿ ಇಳಿಯುತ್ತಿತ್ತು, ಒರೆಸಿಕೊಳ್ಳುವ ಗೋಜಿಗೂ ಹೋಗಲಿಲ್ಲ.

"ನನಗ ಹೇಳಿದ್ಲ್ರಿ ಅಕ್ಕಾರ" ಎಂದಳು.